ಖಾಯಂ ವಿಳಾಸ

ವಿದೇಶಿಯರ ನೋಂದಣಿ ಅಂದರೆ ನಮ್ಮ ಕಚೇರಿಯಲ್ಲಿ
ಒಂದು ಮೇಜು, ಒಂದು ಕಪಾಟು, ನಾನು.
ಗೋಕರ್ಣದ ಕಡೆಯ ಗಡ್ಡದವರನ್ನು ಬಿಟ್ಟರೆ
ಕಾರವಾರದಲ್ಲಿ ಉಳಿಯಲಿಕ್ಕೆ ಯಾರು ಬರುತ್ತಾರೆ?
ವರ್ಷಕ್ಕೊಮ್ಮೆ, ಒದ್ದೆ ಕೊಡೆ ಬಾಗಿಲಾಚೆ ಇಟ್ಟು,
ಸಿಸ್ಟರ್ ಇಲ್ದಾ.
ಊರು ಬೇಯ್ರಾ. ಮೊಜಾಂಬಿಕ್.
ಅಲ್ಲೂ ಸಮುದ್ರವಂತೆ. ಇದೇ ಸಮುದ್ರವಂತೆ, ಆಚೆ ದಡ.

ಇಲ್ದಾ ಅಂದರೆ ನಮ್ಮಲ್ಲಿ ಬೇರೆ ಆಗ್ತದೆ, ಅಂದಿದ್ದೆ ಮೊದಲ ಸಲ.
ಉಪ್ಪು ಇಲ್ದ ಗಂಜಿ. ದಿಕ್ಕು ಇಲ್ದ ಮುದುಕಿ.
ಎರಡನ್ನೂ ಚೀಟಿಯಲ್ಲಿ ಬರೆದುಕೊಂಡರು.
ಆಮೇಲೆ ತಿಳಿಯಿತು, ಅವರ ದಿನ ಪೂರಾ
ಆ ಎರಡರ ನಡುವೆಯೇ.

ಕಾಳಿ ನದಿಯಾಚೆ, ಸದಾಶಿವಗಡದ ಇಳಿಜಾರಿನಲ್ಲಿ ಮನೆ.
ಹಾಸಿಗೆ ಹಿಡಿದವರದು.
ಅಲ್ಲಿ ಏನೇನು ನಡೆಯುತ್ತದೆ ಅಂತ ಮೇಲಿನವರು ಕೇಳಿದರು.
ಹೋಗಿ ನೋಡಿ ಬಂದು ಬರೆದೆ:
ಹಾಸಿಗೆ ಹದಿನಾಲ್ಕು. ಪಂಪು ಒಂದು, ಅದೂ ಕೆಟ್ಟಿದೆ.
ಮುಂಜಾನೆ ಐದಕ್ಕೆ ಸಿಸ್ಟರು ಚಾದರ ತೊಳೆಯುತ್ತಾರೆ.
ತಿಮ್ಮಕ್ಕ ಹರಿಕಂತ್ರ ಎಂಬವಳು ತಾಟು ಎಸೆಯುತ್ತಾಳೆ.
(ಮತ್ತೊಂದು ತಾಟು ತರುತ್ತಾರೆ.)
ಕಂಸದ ಸಾಲನ್ನು ಸಾಹೇಬರು ಹೊಡೆದುಹಾಕಿದರು,
ವರದಿಯಲ್ಲಿ ಅದು ಬೇಡ ಅಂತ.

ಒಮ್ಮೆ ನಾನು ಜವಾನನಿಗೆ ಕೂಗಿದ್ದು ಕೇಳಿ ನಕ್ಕುಬಿಟ್ಟರು:
ಕಪಾಟಿನ ಚಾವಿ ಎಲ್ಲೋ?
ಚಾವಿ, ಬಾಲ್ದಿ, ಸಾಬೂನು, ಬಟಾಟೆ, ಪಗಾರ...
ಇವೆಲ್ಲ ನನ್ನ ಶಾಲೆಯ ಮಾತು, ಅಂದರು.
ನನಗಿಂತ ನಾನೂರು ವರ್ಷ ಮೊದಲೇ ಬಂದು ಕೂತಿವೆ.
ಇವಕ್ಕೆ ಯಾವ ವೀಸಾ ಕೊಟ್ಟಿರಿ?
ಸ್ವಲ್ಪ ತಡೆದು:
ಅಜ್ಜಿಯ ಮಾತು ಬೇರೆ ಇತ್ತು.
ಅದರದ್ದು ಒಂದು ಶಬ್ದವೂ ಇಲ್ಲಿ ಸಿಗಲಿಲ್ಲ.
ಜನ ಸಿಕ್ಕರು.

ಹೌದು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ನೋಡಿದ ಕೂಡಲೇ
ಯಲ್ಲಾಪುರಕ್ಕಾ? ಅನ್ನುತ್ತಾನೆ.
ಮಂಚಿಕೇರಿಯಿಂದ ಆಸ್ಪತ್ರೆಗೆ ಬಂದ ಸಿದ್ದಿ ಹೆಂಗಸೊಬ್ಬಳು
ಪಕ್ಕ ಕೂತು, ಇವರ ಕೈಗೆ ಎಲೆ ಅಡಿಕೆ ಇಟ್ಟು,
ಯಾರ ಮನೆಯವಳೇ ನೀನು, ಕೇಳಿದಳಂತೆ.
ಬೀದಿಯಲ್ಲಿ ಯಾರಿಗೂ ನಾನು ಪರದೇಶಿ ಅಲ್ಲ,
ನಿಮ್ಮ ಮೇಜಿಗೆ ಮಾತ್ರ.
ನಾನು ಸೀಲು ಒತ್ತಿದೆ. ಬೇರೇನು ಮಾಡಲಿ?

ಆ ಮಾರ್ಚಿನಲ್ಲಿ ಆಚೆ ದಡಕ್ಕೆ ಬಿರುಗಾಳಿ ಹೊಡೆಯಿತು.
ನಮ್ಮ ಪೇಪರಿನಲ್ಲಿ ಒಳಪುಟದ ನಾಲ್ಕು ಸಾಲು.
ತಾಯಿಯ ಸುದ್ದಿ ಇಲ್ಲ, ಒಂಬತ್ತು ದಿನ.
ಹತ್ತನೆಯ ದಿನ ಬಂದು ನಿಂತರು.
ಹೋದರೆ ಮತ್ತೆ ಬರಬಹುದಾ?
ಪುಸ್ತಕ ತೆರೆದು ಓದಿದೆ, ಗೊತ್ತಿದ್ದರೂ.
ನಮ್ಮಲ್ಲಿ ಸಂತೆಗೆ ಹೊರಟವರೂ ಹೋಗಿ ಬರ್ತೆ ಅನ್ನುತ್ತಾರೆ,
ನಿಯಮಕ್ಕೆ ಮೊದಲ ಅರ್ಧ ಮಾತ್ರ ಗೊತ್ತು.
ಹದಿನಾಲ್ಕು ಹಾಸಿಗೆ, ಅಂದರು, ನನಗಲ್ಲ.
ನೀರು ಕೊಟ್ಟೆ. ಕುಡಿಯಲಿಲ್ಲ.
ಹೆಣ ಸಿಕ್ಕಿತಂತೆ ಆಮೇಲೆ, ಶಾಲೆಯ ಹಿಂದೆ,
ಗುರುತು ಹೇಳಿದ್ದು ಪಕ್ಕದ ಮನೆಯ ಹುಡುಗ.

ಅದೇ ವಾರ ತಿಮ್ಮಕ್ಕನ ಜೀವ ಗಂಟಲಿಗೆ ಬಂದಿತ್ತು.
ಅವಳ ಕುಲದೇವರ ಹೆಸರು ಏನು, ಸರಿಯಾಗಿ ಹೇಗೆ ಅನ್ನಬೇಕು,
ರಾತ್ರಿ ಹತ್ತಕ್ಕೆ ಫೋನು.
ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಟ್ಟೆ.
ಆ ಕಡೆಯಿಂದ ತಪ್ಪುತ್ತಾ, ತಿದ್ದುತ್ತಾ, ಏಳೆಂಟು ಸಲ.
ನಿಮ್ಮ ದೇವರು ಸಿಟ್ಟಾಗುವುದಿಲ್ಲವಾ?
ಕೇಳಬಾರದಿತ್ತು, ಕೇಳಿದೆ.
ಅವನಿಗೂ ಕನ್ನಡ ಬರ್ತಿರಲಿಲ್ಲ, ಅಂದರು,
ನನ್ನ ಜೊತೆ ಕಲಿತಾ ಇದ್ದಾನೆ.

ಹಳೆ ಸೇತುವೆ ಕುಸಿದ ವರ್ಷ ತಡವಾಗಿ ಬಂದರು.
ಫಾರ್ಮು ತಾವೇ ತುಂಬಿದ್ದರು, ದುಂಡಗಿನ ಕನ್ನಡದಲ್ಲಿ.
ಉದ್ದೇಶ: ಸೇವೆ. ಏತ್ವ ಬಿಟ್ಟು ಸವೆ ಆಗಿತ್ತು.
ತಿದ್ದಲಿಲ್ಲ ನಾನು, ಹಾಗೂ ಸರಿಯೇ.
ಖಾಯಂ ವಿಳಾಸದ ಜಾಗ ಖಾಲಿ.
ಇದು ಖಾಲಿ ಬಿಡುವ ಹಾಗಿಲ್ಲ ಸಿಸ್ಟರ್.
ಆ ಬೀದಿಯೇ ಇಲ್ಲ ಈಗ, ಅಂದರು.

ಇರಲಿ, ಕಂಪ್ಯೂಟರಿಗೆ ಗೊತ್ತಿಲ್ಲ ಅಂತ
ಹಳೆಯ ಫೈಲು ತೆಗೆದು, ನನ್ನ ಕೈಯಾರೆ,
ಮನೆ ನಂಬರು, ಬೀದಿ, ಪಕ್ಕದ ಇಗರ್ಜಿ
ಎಲ್ಲ ಬರೆದೆ.
ಅವರು ಬಗ್ಗಿ ನೋಡುತ್ತಿದ್ದರು, ಒಂದೊಂದೇ ಅಕ್ಷರ,
ಸರಿಯಾಗಿ ಬರೆಯುತ್ತಿದ್ದೇನೋ ಇಲ್ಲವೋ ಅಂತ.